ಗೇಣುದ್ದದ ಕೆಂಪು ದಾರ

ಎಲ್ಡನ್ ಬೆಕ್‌ಗೆ ಅರವತ್ತೈದು ತುಂಬಿದ್ದು ಜುಲೈ ತಿಂಗಳ ಒಂದು ಸೋಮವಾರ. ಅಂದು ಬೆಳಿಗ್ಗೆ ಕೌಂಟಿ ಕಚೇರಿಯ ಬಾಗಿಲು ತೆರೆಯುವುದಕ್ಕೂ ಮೊದಲೇ ಮೆಲ್ಬಾ ಟಾಫ್ಟ್ ಅವನನ್ನು ಹೊರಡಿಸಿಕೊಂಡು ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳಿಗೆ ಹೋದ ಚಳಿಗಾಲದಲ್ಲೇ ಅರವತ್ತಾರು ಮುಗಿದಿತ್ತು. ಇವನಿಗೆ ವಯಸ್ಸಾಗಲಿ ಎಂದು ಒಂದು ವರ್ಷದಿಂದ ಕ್ಯಾಲೆಂಡರಿನ ಮೇಲೆ ಗೀಟು ಎಳೆಯುತ್ತ ಕೂತಿದ್ದಳು. ಗಂಡು ಮುದುಕನಾಗಲಿ ಎಂದು ಹೆಣ್ಣೊಬ್ಬಳು ಇಷ್ಟು ಹಂಬಲಿಸಿದ್ದನ್ನು ವಿಲೋ ಬೆಂಚ್ ಊರು ಹಿಂದೆಂದೂ ಕಂಡಿರಲಿಲ್ಲ.

ಕಾರಣ ಸರ್ಕಾರದ್ದು. ಒಡಹುಟ್ಟಿದವರ ಮಕ್ಕಳು ಒಬ್ಬರನ್ನೊಬ್ಬರು ಮದುವೆಯಾಗುವುದನ್ನು ಯೂಟಾ ರಾಜ್ಯದ ಕಾನೂನು ಮೆಲ್ಬಾ ಹುಟ್ಟುವ ಮೊದಲಿನಿಂದಲೂ ಒಪ್ಪುತ್ತಿರಲಿಲ್ಲ. ಹೋದ ವರ್ಷ ಅದು ಸ್ವಲ್ಪ ಸಡಿಲವಾಗಿತ್ತು. ಇಬ್ಬರಿಗೂ ಅರವತ್ತೈದು ಆಗಿದ್ದರೆ ಆಗಲಿ, ಅಭ್ಯಂತರವಿಲ್ಲ ಎಂದಿತ್ತು. ಮಕ್ಕಳಾಗುವ ಭಯ ಹೋದ ಮೇಲೆ ಸರ್ಕಾರಕ್ಕೆ ಧೈರ್ಯ ಬಂತು ಎಂದು ಮೆಲ್ಬಾ ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ಕೇಳಿದವರು ಮಾತ್ರ ನಗದೆ ಬೇರೆ ಕಡೆ ನೋಡುತ್ತಿದ್ದರು.

ಕಚೇರಿಯ ಹುಡುಗಿ ಅರ್ಜಿ ತುಂಬುತ್ತ ಒಂದು ಕಡೆ ಬಂದು ಪೆನ್ನು ನಿಲ್ಲಿಸಿದಳು. ಹಿಂದೆ ಜಮೀನಿನ ಕಾಗದಕ್ಕೆ ಬಂದವರು ಮೂವರು ಸಾಲಿನಲ್ಲಿದ್ದರು. ಅವಳು ದನಿ ತಗ್ಗಿಸಿ ಕೇಳಿದಳು.

"ಅಮ್ಮಾ, ನಿಮ್ಮಿಬ್ಬರಿಗೂ ಮೊದ್ಲಿಂದ ಏನಾದ್ರೂ ಸಂಬಂಧ..."

"ಇಲ್ದೆ ಏನು? ಅತ್ತೆ ಮಗ," ಎಂದಳು ಮೆಲ್ಬಾ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಗಂಟಲಲ್ಲಿ. "ನಮ್ಮಪ್ಪನ ತಂಗಿ ಹುಲ್ಡಾ ಅಂತ, ಅವಳ ಮಗ. ದೊಡ್ಡಕ್ಷರದಲ್ಲಿ ಬರ್ಕೊಳಮ್ಮ, ಸಣ್ಣದು ನಂಗೆ ಕಾಣಲ್ಲ."

ಹಿಂದಿದ್ದವರಲ್ಲಿ ಒಬ್ಬ ಕೆಮ್ಮಿದ. ಎಲ್ಡನ್‌ನ ಕಿವಿ ಕೆಂಪಾಯಿತು. ಅವನು ಹೆಂಡತಿ ತೀರಿಕೊಂಡವನು, ಜೀವನವೆಲ್ಲ ಕುರಿ ಮೇಯಿಸಿದವನು. ಕುರಿಗಳ ಜೊತೆ ಜಾಸ್ತಿ ಮಾತು ಬೇಕಾಗುವುದಿಲ್ಲ, ಹಾಗಾಗಿ ಅವನಿಗೆ ಅಭ್ಯಾಸವೂ ಇರಲಿಲ್ಲ. ಎರಡು ವರ್ಷದ ಹಿಂದೆ ಎದೆ ಕೊಯ್ದು ಶಸ್ತ್ರಚಿಕಿತ್ಸೆ ಆದ ಮೇಲಂತೂ ಮಾತನ್ನೂ ಉಸಿರಿನ ಹಾಗೆ ಲೆಕ್ಕ ಹಾಕಿ ಖರ್ಚು ಮಾಡುತ್ತಿದ್ದ. ಮದುವೆಯ ಲೈಸೆನ್ಸ್ ಕಾಗದ ಕೈಗೆ ಬಂದಾಗ ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿ, ಆ ಹೊಲಿಗೆಯ ಗುರುತಿನ ಮೇಲೆಯೇ ಇಟ್ಟುಕೊಂಡ. ಮೆಲ್ಬಾಗೆ ಅಷ್ಟು ಸಾಕಾಯಿತು.

ಅವರು ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಧ್ಯಾಹ್ನ ಮೆಲ್ಬಾ ಏಪ್ರಿಕಾಟ್ ಹಣ್ಣನ್ನು ಸಕ್ಕರೆ ಪಾಕದಲ್ಲಿ ಹಾಕಿ ಸೀಸೆಗೆ ತುಂಬುತ್ತಿದ್ದಾಗ ಅಣ್ಣ ಲಮಾರ್ ಬಂದ. ಎಪ್ಪತ್ತೆರಡರ ಆಳು, ವಾರದ ದಿನವೂ ಬಿಳಿ ಅಂಗಿಯನ್ನೇ ಹಾಕುವವನು. ಟಾಫ್ಟ್ ವಂಶದ ಸಂಘಕ್ಕೆ ಅವನೇ ಅಧ್ಯಕ್ಷ. ಮಾರ್ಮನ್ ಪಂಥದ ನಮ್ಮವರು ಗಾಡಿ ಕಟ್ಟಿಕೊಂಡು ಈ ಸೀಮೆಗೆ ಬಂದಿಳಿದ ದಿನ ಜುಲೈ ಇಪ್ಪತ್ನಾಲ್ಕು. ಆ ದಿನ, ಅಂದರೆ ಬರುವ ಗುರುವಾರ, ವಂಶದ ಮುನ್ನೂರು ಜನ ಚರ್ಚಿನ ಸಭಾಂಗಣದಲ್ಲಿ ಸೇರುವವರಿದ್ದರು. ಲಮಾರ್‌ನ ಮಗ ಕೆಂಟ್ ಊರಿನ ಆ ಚರ್ಚ್ ಸಭೆಯ ಬಿಷಪ್. ಮಿಕ್ಕ ದಿನ ಹಲ್ಲಿನ ಡಾಕ್ಟರು. ನಮ್ಮಲ್ಲಿ ಬಿಷಪ್‌ಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲೇಬೇಕು.

ಲಮಾರ್ ಕೂಗಾಡಲಿಲ್ಲ. ಹೋದ ವರ್ಷವಾದರೆ ಕೂಗಾಡುತ್ತಿದ್ದ, ಈಗ ಅವನಿಗೆ ಅವಳಿಂದ ಒಂದು ಕೆಲಸ ಆಗಬೇಕಿತ್ತು. ಜೇಬಿನಿಂದ ಎರಡು ಹಾಳೆ ತೆಗೆದು, ಅಂಟಂಟಾಗಿದ್ದ ಮೇಜನ್ನು ನೋಡಿ, ಕೈಯಲ್ಲೇ ಹಿಡಿದುಕೊಂಡ. ಮೆಲ್ಬಾ ಮೂವತ್ತು ವರ್ಷ ಕೂತು ಬರೆದ ವಂಶದ ಪುಸ್ತಕ ಅಚ್ಚಿಗೆ ಹೋಗಿತ್ತು. ಅದರ ನಲವತ್ತೆಂಟನೇ ಪುಟವನ್ನು ಅವಳು ಕಡೇ ಗಳಿಗೆಯಲ್ಲಿ ಬದಲಾಯಿಸಿದ್ದಾಳೆಂದು ಅಚ್ಚಿನವನು ಫೋನ್ ಮಾಡಿ ಹೇಳಿದ್ದನಂತೆ. ಒಂದು ಹಾಳೆ ಆ ಪುಟ. ಇನ್ನೊಂದು ಅವಳ ಸಹಿಯ ಹಾಳೆ: ನನಗೆ ತಿಳಿದ ಮಟ್ಟಿಗೆ ಈ ಪುಸ್ತಕದಲ್ಲಿರುವುದೆಲ್ಲ ಸತ್ಯ ಎಂದು ಅವಳು ಸಹಿ ಹಾಕದೆ ಅಚ್ಚಿನ ಯಂತ್ರ ಓಡುವಂತಿರಲಿಲ್ಲ.

ನಲವತ್ತೆಂಟನೇ ಪುಟದಲ್ಲಿ ಇದ್ದದ್ದು ಅವರ ಅಜ್ಜಿ ಕಿರ್ಸ್ಟೀನ್.

ಅಜ್ಜಿಯ ಕಥೆ ಇಷ್ಟೇ. ಯೆನ್ಸ್ ಟಾಫ್ಟ್, ಪೀಟರ್ ಟಾಫ್ಟ್ ಎಂಬ ಅಣ್ಣತಮ್ಮಂದಿರು ಡೆನ್ಮಾರ್ಕಿನಿಂದ ಬಂದು ಈ ಕಣಿವೆಯಲ್ಲಿ ನೆಲೆ ನಿಂತರು. ತಮ್ಮ ಪೀಟರ್ ಮರ ಕಡಿಯಲು ಹೋಗಿ ಮರದ ಅಡಿಯಲ್ಲೇ ಸಿಕ್ಕಿ ಸತ್ತ. ಅವನಿಗೆ ಎರಡು ವರ್ಷದ ಮಗಳೊಬ್ಬಳಿದ್ದಳು, ಅವಳೇ ಕಿರ್ಸ್ಟೀನ್. ತಾಯಿ ಮಗುವನ್ನು ಸೊಂಟದ ಮೇಲೆ ಹೊತ್ತು ನಲವತ್ತು ಮೈಲಿ ಆಚೆಯ ಲಾರ್ಸನ್ ಎಂಬವನಿಗೆ ಎರಡನೇ ಹೆಂಡತಿಯಾಗಿ ಹೋದಳು. ಮಗು ಲಾರ್ಸನ್ ಹೆಸರಿನಲ್ಲೇ ಬೆಳೆಯಿತು. ಹತ್ತೊಂಬತ್ತು ತುಂಬಿದಾಗ ವಿಲೋ ಬೆಂಚಿಗೇ ಮದುಮಗಳಾಗಿ ವಾಪಸು ಬಂತು. ಕೈಹಿಡಿದವನು ಯೆನ್ಸನ ಮಗ ಆಂಡರ್ಸ್, ಅಂದರೆ ಅವಳ ಸ್ವಂತ ದೊಡ್ಡಪ್ಪನ ಮಗ. ಆಗ ಯಾರೂ ಹುಬ್ಬೇರಿಸಲಿಲ್ಲ. ಊರಲ್ಲಿ ಇದ್ದದ್ದೇ ಹನ್ನೊಂದು ಮನೆ, ಹುಡುಗಿಯನ್ನು ಆಕಾಶದಿಂದ ಇಳಿಸಲಾಗುತ್ತದೆಯೇ?

ಆಮೇಲೆ ಕಾನೂನು ಬಂತು, ಅದರ ಜೊತೆ ಹೊರಗಿನವರ ನಗೆಯೂ ಬಂತು. ಮಾರ್ಮನ್ ಎಂದರೆ ನಾಲ್ಕು ಹೆಂಡಿರು, ಮಾರ್ಮನ್ ಎಂದರೆ ಮನೆಯೊಳಗೇ ಮದುವೆ ಎಂದು ರೈಲಿನಲ್ಲಿ ಪಕ್ಕ ಕೂತವನೂ ಹಲ್ಲು ಕಿರಿಯುವ ಕಾಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೆಲ್ಬಾಳ ಅಪ್ಪನೂ ಹಾಗೆಯೇ ಮುಟ್ಟಿ ನೋಡಿಕೊಂಡ. ವಂಶದ ದಾಖಲೆ ಬರೆಯುವಾಗ ತನ್ನ ತಾಯಿಯನ್ನು ಲಾರ್ಸನ್ನನ ಸ್ವಂತ ಮಗಳೆಂದೇ ಬರೆದ. ಹಾಗಾದರೆ ಪೀಟರನ ಎರಡು ವರ್ಷದ ಮಗು ಏನಾಯಿತು ಎಂದು ಯಾರಾದರೂ ಕೇಳಬಹುದಲ್ಲ? ಆ ಮಗುವಿನ ಮುಂದೆ ಎರಡನೇ ವಯಸ್ಸಿನಲ್ಲಿ ತೀರಿಕೊಂಡಳು ಎಂದು ಬರೆದ. ಹೀಗೆ ಒಬ್ಬಳೇ ಹೆಂಗಸು ಕಾಗದದಲ್ಲಿ ಇಬ್ಬರಾದಳು. ಒಬ್ಬಳು ಎಳವೆಯಲ್ಲೇ ಸತ್ತಳು, ಇನ್ನೊಬ್ಬಳು ಎಪ್ಪತ್ತೆಂಟು ವರ್ಷ ಬದುಕಿ ಮೊಮ್ಮಕ್ಕಳಿಗೆ ದಾಲ್ಚಿನ್ನಿ ಉದುರಿಸಿದ ಹಾಲುಗಂಜಿ ಮಾಡಿಕೊಟ್ಟಳು.

ಬೇರೆ ಜನರಲ್ಲಾದರೆ ಇದು ಇಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ಕಾಗದದ ಮೇಲೆ ಸತ್ತವರನ್ನು ಸುಮ್ಮನೆ ಬಿಡುವಂತಿಲ್ಲ. ಅವರನ್ನು ತಂದೆತಾಯಿಯ ಜೊತೆ ಶಾಶ್ವತವಾಗಿ ಬೆಸೆಯುವ ವಿಧಿ ದೇವಾಲಯದಲ್ಲಿ ನಡೆಯಬೇಕು, ಸತ್ತವರ ಬದಲಿಗೆ ಬದುಕಿರುವವರು ಒಬ್ಬರು ಮೊಣಕಾಲೂರಬೇಕು. ಆ ಮಗುವಿನ ಬದಲಿಗೆ ಮೊಣಕಾಲೂರಿದವಳು ಮೆಲ್ಬಾ. ಆಗ ಅವಳಿಗೆ ಇಪ್ಪತ್ಮೂರು, ಡೆನ್ಮಾರ್ಕಿಗೆ ಧರ್ಮಪ್ರಚಾರಕ್ಕೆ ಹೊರಟಿದ್ದಳು. ಹೋಗುವ ಮುಂಚೆ ಆ ಪಾಪದ ಕೂಸಿನ ಕೆಲಸ ಒಂದು ಮುಗಿಸಿ ಹೋಗು ಎಂದು ಅಪ್ಪನೇ ಕಳಿಸಿದ್ದ. ಬಿಳಿ ಬಟ್ಟೆ ಉಟ್ಟು, ಪೀಠದ ಮುಂದೆ ಕೂತು, ಕಾಣದ ಕೂಸಿಗಾಗಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಹೋದ ಚಳಿಗಾಲದಲ್ಲಿ ಲಾರ್ಸನ್ನನ ಊರಿನ ಹಳೆಯ ಚರ್ಚ್ ದಾಖಲೆಯ ಮೈಕ್ರೋಫಿಲ್ಮ್ ತರಿಸಿ ಯಂತ್ರದಲ್ಲಿ ಹಾಕಿ ನೋಡುವಾಗ ಆ ಸಾಲು ಕಣ್ಣಿಗೆ ಬಿತ್ತು: ಕಿರ್ಸ್ಟೀನ್, ಲಾರ್ಸನ್ನನ ಮಲಮಗಳು, ದಿವಂಗತ ಪೀಟರ್ ಟಾಫ್ಟನ ಮಗಳು, ಆಂಡರ್ಸ್ ಟಾಫ್ಟನಿಗೆ ಕೊಟ್ಟು ಮದುವೆ. ಯಂತ್ರದ ದೀಪ ಆರಿಸುವುದನ್ನೂ ಮರೆತು ಅವಳು ಮನೆಗೆ ನಡೆದು ಬಂದಿದ್ದಳು.

ಲಮಾರ್ ಹೇಳಿದ್ದು ಸರಳವಾಗಿತ್ತು. ನಲವತ್ತೆಂಟನೇ ಪುಟ ಅಪ್ಪ ಬರೆದ ಹಾಗೆಯೇ ಇರಲಿ, ಮೆಲ್ಬಾ ಸಹಿ ಹಾಕಲಿ. ಹಾಕಿದರೆ ಗುರುವಾರ ಮುನ್ನೂರು ಜನರ ಎದುರು ಕೆಂಟ್‌ನೇ ಮದುವೆ ಮಾಡಿಸುತ್ತಾನೆ, ಲಮಾರ್ ಖುದ್ದಾಗಿ ಮೈಕಿನಲ್ಲಿ ಹೇಳುತ್ತಾನೆ. ವಯಸ್ಸಾದ ಕಾಲಕ್ಕೆ ಜೊತೆ ಎಂದರೆ ಜನ ಒಪ್ಪುತ್ತಾರೆ, ಒಂದು ಜೋಡಿಯನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ಅಜ್ಜ ಅಜ್ಜಿಯೂ ಹಾಗೇ ಎಂದು ಅಚ್ಚಾದರೆ ಇಡೀ ವಂಶದ ಮೇಲೆ ಮಸಿ. ಸಹಿ ಇಲ್ಲ ಎಂದರೆ ಸಭಾಂಗಣವೂ ಇಲ್ಲ, ಬಿಷಪ್ಪೂ ಇಲ್ಲ.

"ಮೂರು ತಲೆಮಾರು ಮುಚ್ಚಿಟ್ಟ ಮಾನ ಇದು, ಮೆಲ್ಬಾ. ಅಪ್ಪ ಸಾಯೋವಾಗ ನನ್ನ ಕೈ ಹಿಡ್ಕೊಂಡು ಹೇಳಿಹೋದ."

ಮೆಲ್ಬಾ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು. "ಅಂದ್ರೆ ನಿಂಗೆ ಗೊತ್ತಿತ್ತು."

"ಇಪ್ಪತ್ತಾರು ವರ್ಷದಿಂದ."

ಅವಳು ಒಲೆಯ ಮೇಲಿನ ಪಾತ್ರೆಯಿಂದ ದೂರ ಸರಿದಳು. ಇಲ್ಲದಿದ್ದರೆ ಬಿಸಿ ಪಾಕ ಆ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು. ಸಹಿಯ ಹಾಳೆ ಅವನ ಬಳಿಯೇ ಇರಲಿ, ಗುರುವಾರ ಉತ್ತರ ಹೇಳುತ್ತೇನೆ ಎಂದಷ್ಟೇ ಅಂದು ಬಾಗಿಲು ತೋರಿಸಿದಳು.

ಹಿಂದಿನ ಜಗಲಿಯಲ್ಲಿ ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದ ಎಲ್ಡನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮೆಲ್ಬಾ ಹೊರಗೆ ಬಂದು ಅವನ ಎದುರು ಕೂತಳು.

"ಹಾಕ್ಬಿಡು ಸಹಿ," ಎಂದ ಬೀಜ ಬಿಡಿಸುತ್ತಲೇ. "ಅಜ್ಜಿ ಹೋಗಿ ಐವತ್ನಾಲ್ಕು ವರ್ಷ ಆಯ್ತು. ಅವಳಿಗೇನಾಗ್ಬೇಕು ಈಗ? ನಾನಿನ್ನೂ ಇದ್ದೀನಿ. ಎಷ್ಟು ದಿನ ಇರ್ತೀನೋ ಡಾಕ್ಟ್ರಿಗೂ ಗೊತ್ತಿಲ್ಲ. ಎಲ್ಲರೂ ಕೂತು ನೋಡೋ ಹಾಗೆ ಒಂದು ಸಲ ನಿನ್ನ ಪಕ್ಕ ನಿಂತ್ಕೊಂಡ್ರೆ ಸಾಕು ನಂಗೆ."

ಬಹಳ ದಿನದಿಂದ ಅವನು ಅಷ್ಟುದ್ದ ಮಾತಾಡಿರಲಿಲ್ಲ. ಅವನು ಕೇಳಿದ್ದು ತಪ್ಪಲ್ಲ. ಅವಳಿಗೂ ಬೇಕಿದ್ದದ್ದು ಅದೇ. ನಲವತ್ತು ವರ್ಷದಿಂದ ಸಭೆಯ ಹೆಂಗಸರು ಅವಳ ಬೆನ್ನು ಸವರಿ, ಈ ಲೋಕದಲ್ಲಿ ಮದುವೆಯಾಗದವರಿಗೆ ಪುನರುತ್ಥಾನದಲ್ಲಿ ಒಳ್ಳೆಯ ಗಂಡ ಸಿಗುತ್ತಾನೆ ಎಂದು ಸಮಾಧಾನ ಹೇಳಿಕೊಂಡು ಬಂದಿದ್ದರು. ಅಷ್ಟು ದಿನ ಕಾಯುವ ವ್ಯವಧಾನ ತನಗಿಲ್ಲ, ಇಲ್ಲೇ ಒಬ್ಬನಿದ್ದಾನೆ ಎಂದು ಎದ್ದು ನಿಂತು ಹೇಳುವ ಆಸೆ ಅವಳಿಗೆ ಇರಲಿಲ್ಲವೇ?

"ಎಲ್ಡನ್, ಅವತ್ತು ಗೇಟಿನ ಹತ್ರ ಅಪ್ಪ ಏನಂದ, ನೆನಪಿದ್ಯಾ?"

ಅವನಿಗೆ ನೆನಪಿತ್ತು. ಅವಳಿಗೆ ಇಪ್ಪತ್ತು, ಅವನಿಗೆ ಹತ್ತೊಂಬತ್ತು. ಪಕ್ಕದ ಕೊಲೊರಾಡೋದಲ್ಲಿ ಕಾನೂನು ಅಡ್ಡ ಬರುವುದಿಲ್ಲ ಎಂದು ತಿಳಿದುಕೊಂಡು, ಸ್ನೇಹಿತನ ಕಾರು ಕೇಳಿ ತಂದು, ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡು ಹೊರಟಿದ್ದರು. ಅಪ್ಪ ಗೇಟಿಗೆ ಅಡ್ಡ ನಿಂತಿದ್ದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಒಂದೇ ಒಂದು ಮಾತು ಹೇಳಿದ.

"ನಮ್ಮ ವಂಶದಲ್ಲಿ ಇಂಥದ್ದು ಯಾವತ್ತೂ ನಡೆದಿಲ್ಲ, ಅಂದ," ಎಂದಳು ಮೆಲ್ಬಾ. "ಆ ಒಂದು ಮಾತಿಗೆ ನಾನು ಕಾರಿಂದ ಇಳಿದೆ. ಹೊಡೆದಿದ್ರೆ ಇಳೀತಿರ್ಲಿಲ್ಲ. ಇಷ್ಟು ಜನರಲ್ಲಿ ನಾನೊಬ್ಳೇ ಕೆಟ್ಟವಳು ಅನ್ನಿಸ್ತು, ಅದಕ್ಕೆ ಇಳಿದೆ. ನೀನು ಸೈನ್ಯಕ್ಕೆ ಹೋದೆ, ಐಡಾಹೋದಲ್ಲಿ ನಾರ್ಮಾನ ಮದ್ವೆಯಾದೆ, ಮಕ್ಕಳಾದ್ವು. ಒಳ್ಳೇದಾಯ್ತು, ನಾನು ಹೊಟ್ಟೆಕಿಚ್ಚು ಪಡಲ್ಲ. ಆದ್ರೆ ಆ ಮಾತು ಸುಳ್ಳು. ಅದನ್ನ ಹೇಳಿದವನು ಅಂಥದೇ ಮದ್ವೆಯಲ್ಲಿ ಹುಟ್ಟಿದವನು. ಈಗ ಅದೇ ಸುಳ್ಳಿನ ಕೆಳಗೆ ನಾನೇ ಸಹಿ ಹಾಕ್ಲಾ?"

ಎಲ್ಡನ್ ಬೀಜದ ಬಟ್ಟಲನ್ನು ಪಕ್ಕಕ್ಕಿಟ್ಟ. ಟೋಪಿ ತೆಗೆದುಕೊಂಡು, ಮೆಟ್ಟಿಲಿಳಿದು, ಪಿಕಪ್ ಹತ್ತಿ ಹೋದ. ಮಂಗಳವಾರ ಬರಲಿಲ್ಲ, ಬುಧವಾರವೂ ಬರಲಿಲ್ಲ. ಲೈಸೆನ್ಸ್ ಅವನ ಜೇಬಿನಲ್ಲೇ ಉಳಿದಿತ್ತು. ಮೆಲ್ಬಾ ಮೂವತ್ತಾರು ಸೀಸೆ ಏಪ್ರಿಕಾಟ್ ತುಂಬಿದಳು. ಒಬ್ಬಂಟಿ ಹೆಂಗಸಿಗೆ ಅಷ್ಟು ಯಾತಕ್ಕೆ ಎಂದು ತನ್ನನ್ನೇ ಬಯ್ದುಕೊಳ್ಳುತ್ತ ತುಂಬಿದಳು.

ಗುರುವಾರ ಬೆಳಿಗ್ಗೆ ಮೆರವಣಿಗೆ ನಡೆಯಿತು. ಹಳೇ ಕಾಲದವರ ಹಾಗೆ ಬಾನೆಟ್ ಟೋಪಿ ಕಟ್ಟಿಕೊಂಡ ಹೆಣ್ಣುಮಕ್ಕಳು ಕೈಗಾಡಿ ಎಳೆದರು, ಬೆಂಕಿ ಆರಿಸುವ ಬಂಡಿಯ ಮೇಲೆ ಕೂತವರು ಮಿಠಾಯಿ ಎಸೆದರು. ಜನರ ನಡುವೆ ಮೆಲ್ಬಾ ಒಂದು ಬೂದುಬಣ್ಣದ ಟೋಪಿಗಾಗಿ ಹುಡುಕಿದಳು. ಕಾಣಲಿಲ್ಲ. ಬರದಿದ್ದರೆ ಬೇಡ ಎಂದುಕೊಂಡಳು, ಹಾಗೆ ಅಂದುಕೊಂಡಾಗ ಕಣ್ಣು ತುಂಬಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟಾದಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಪರ್ಸಿನಲ್ಲಿ ಫಿಲ್ಮಿನಿಂದ ತೆಗೆದ ನಕಲನ್ನು ಇಟ್ಟುಕೊಂಡು ಸಭಾಂಗಣಕ್ಕೆ ನಡೆದಳು.

ಮಿಕ್ಕ ದಿನ ಹುಡುಗರು ಬಾಸ್ಕೆಟ್‌ಬಾಲ್ ಆಡುವ ಆ ಹಜಾರದ ಒಂದು ಗೋಡೆಯುದ್ದಕ್ಕೂ ಲಮಾರ್ ಹಲಗೆ ಹೊಡೆಸಿದ್ದ. ಹಲಗೆಯ ಮೇಲೆ ಇಡೀ ವಂಶ. ಒಬ್ಬೊಬ್ಬರಿಗೂ ಒಂದು ಚೀಟಿ, ಚೀಟಿಗೆ ಒಂದು ಮೊಳೆ. ಗಂಡ ಹೆಂಡತಿಯ ಮೊಳೆಗಳ ನಡುವೆ ಕೆಂಪು ಉಣ್ಣೆದಾರ. ಹೊರಗಿನಿಂದ ಬಂದ ಸೊಸೆ ಅಳಿಯಂದಿರ ಚೀಟಿ ಹಲಗೆಯ ಅಂಚಿನಲ್ಲಿ ಇರುವುದರಿಂದ ಕೆಂಪು ದಾರಗಳೆಲ್ಲ ಮಾರುಗಟ್ಟಲೆ ಉದ್ದ. ಆ ವರ್ಷ ಮದುವೆಯಾದವರು ಎಲ್ಲರೆದುರು ತಾವೇ ದಾರ ಕಟ್ಟಬೇಕು, ಕಟ್ಟಿದ ಮೇಲೆಯೇ ಊಟ. ಇದು ಟಾಫ್ಟ್ ಮನೆತನದ ಪದ್ಧತಿ. ಉಣ್ಣೆಯ ಉಂಡೆ, ಕತ್ತರಿ ಎರಡೂ ಲಮಾರ್‌ನ ಹೆಂಡತಿ ನೊರೀನ್‌ಳ ಕೈಯಲ್ಲಿ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನ ಮಾತಿಗೆ ಎದುರಾಡಿದ್ದನ್ನು ಯಾರೂ ಕೇಳಿದವರಿಲ್ಲ.

ನಾಲ್ಕು ಎಳೆಯ ಜೋಡಿಗಳು ಬಂದು ನಾಚಿಕೊಂಡು ದಾರ ಕಟ್ಟಿ ಹೋದರು. ಜನ ಚಪ್ಪಾಳೆ ತಟ್ಟಿದರು. ಕಣ್ಣು ಮಾತ್ರ ಆಲೂಗಡ್ಡೆ ಚೀಸಿನ ತಟ್ಟೆಗಳ ಕಡೆಗಿತ್ತು. ಲಮಾರ್ ಮೈಕಿನಲ್ಲಿ, ಇನ್ನು ಯಾರಾದರೂ ಇದ್ದಾರೆಯೇ ಎಂದು ಕೇಳಿ ಮೆಲ್ಬಾಳ ಕಡೆ ನೋಡಿದ. ಅವನ ಕೋಟಿನ ಜೇಬಿನಿಂದ ಸಹಿಯ ಹಾಳೆಯ ತುದಿ ಕಾಣುತ್ತಿತ್ತು.

ಮೆಲ್ಬಾ ಎದ್ದಳು. ಅಣ್ಣನ ಹತ್ತಿರ ಹೋಗಲಿಲ್ಲ, ನೇರವಾಗಿ ಏಣಿಯ ಹತ್ತಿರ ಹೋದಳು. ಬಲ ಮಂಡಿ ನೋಯುತ್ತಿದ್ದದ್ದರಿಂದ ಒಂದೊಂದೇ ಮೆಟ್ಟಿಲು ಹತ್ತಿದಳು. ಮೂರನೆಯ ಮೆಟ್ಟಿಲಲ್ಲಿ ಏಣಿ ಅಲುಗಿತು, ಅವಳು ಕಣ್ಣು ಮುಚ್ಚಿದಳು. ಆಮೇಲೆ ಅಲುಗುವುದು ನಿಂತಿತು. ಕೆಳಗೆ ನೋಡಿದರೆ ಏಣಿಯ ಎರಡು ಕಾಲನ್ನೂ ಎರಡು ಕೈ ಹಿಡಿದಿದ್ದವು, ಕೈಗಳ ನಡುವೆ ಬೂದುಬಣ್ಣದ ಟೋಪಿ.

"ಎಲ್ಲಿ ಸತ್ತಿದ್ದೆ ಮೂರು ದಿನ?"

"ಲಾರ್ಸನ್ನರ ಊರಿಗೆ ಹೋಗಿದ್ದೆ," ಎಂದ ಎಲ್ಡನ್. "ಅಜ್ಜಿ ಅಮ್ಮನ ಸಮಾಧಿ ನೋಡ್ಕೊಂಡು ಬಂದೆ. ಕಲ್ಲಿನ ಮೇಲೆ ಲಾರ್ಸನ್ ಜೊತೆಗೆ ಟಾಫ್ಟ್ ಅಂತಾನೂ ಇದೆ. ಹತ್ತು, ನಾನು ಹಿಡ್ಕೊಂಡಿದ್ದೀನಿ."

ಅವಳು ಹತ್ತಿದಳು. ಹಲಗೆಯ ಅಂಚಿನಲ್ಲಿದ್ದ ಕಿರ್ಸ್ಟೀನ್ ಲಾರ್ಸನ್ ಎಂಬ ಚೀಟಿಯನ್ನು ಕಿತ್ತಳು. ಅದರಿಂದ ಅಜ್ಜ ಆಂಡರ್ಸ್‌ನವರೆಗೆ ಓಡಿದ್ದ ಉದ್ದನೆಯ ದಾರ ಜೋತು ಬಿತ್ತು. ಆ ಚೀಟಿಯನ್ನು ತಂದು ಪೀಟರನ ಕೆಳಗಿನ ಕಿರ್ಸ್ಟೀನ್ ಟಾಫ್ಟ್, ಎರಡು ವರ್ಷ ಎಂಬ ಚೀಟಿಯ ಮೇಲೆ ಅದೇ ಮೊಳೆಗೆ ಚುಚ್ಚಿದಳು. ಅಲ್ಲಿಂದ ಆಂಡರ್ಸ್‌ನ ಮೊಳೆಗೆ ಒಂದು ಗೇಣು. ಜೋತ ದಾರವನ್ನು ಎಳೆದು ಆ ಗೇಣಿನಷ್ಟರಲ್ಲಿ ಬಿಗಿದು ಕಟ್ಟಿ, ಮಿಕ್ಕ ಎಳೆಯನ್ನು ಹಾಗೇ ತೂಗಲು ಬಿಟ್ಟಳು.

ತಟ್ಟೆಗಳ ಕಡೆಗಿದ್ದ ಕಣ್ಣೆಲ್ಲ ಹಲಗೆಯ ಕಡೆ ತಿರುಗಿದವು. ವಂಶದ ಲೆಕ್ಕ ಓದಲು ಬರದವರು ನಮ್ಮಲ್ಲಿ ಯಾರಿದ್ದಾರೆ? ನೋಡಿದ ತಕ್ಷಣ ಎಲ್ಲರಿಗೂ ಅರ್ಥವಾಗಿತ್ತು.

"ಇಳಿ ಕೆಳಗೆ, ಮೆಲ್ಬಾ," ಎಂದ ಲಮಾರ್ ಮೈಕಿನಲ್ಲಿ.

"ಇಳೀತೀನಿ, ಹೇಳಿ ಇಳೀತೀನಿ. ಈ ಮಗು ಸತ್ತಿಲ್ಲ. ಇವಳ ಕೈಯಿಂದ ನಾನು ಗಂಜಿ ಕುಡಿದಿದ್ದೀನಿ, ನೀನೂ ಕುಡಿದಿದ್ದೀಯ. ದೊಡ್ಡಪ್ಪನ ಮಗನ್ನ ಮದ್ವೆಯಾದ್ಲು, ಒಂಬತ್ತು ಮಕ್ಕಳನ್ನ ಹೆತ್ತು ಸಾಕಿದ್ಲು. ಅದು ಕಳಂಕ ಅನ್ನೋದಾದ್ರೆ ಇಲ್ಲಿ ಹಸಿದು ಕೂತಿರೋರಲ್ಲಿ ಇನ್ನೂರು ಜನ ಆ ಕಳಂಕದ ಮಕ್ಕಳೇ. ಎದ್ದು ಹೋಗೋರು ಊಟಕ್ಕೆ ಮುಂಚೆ ಹೋಗ್ಬಿಡಿ."

ಯಾರೂ ಏಳಲಿಲ್ಲ. ಲಮಾರ್ ಮೈಕನ್ನು ಬಾಯಿಗೆ ಹತ್ತಿರ ತಂದ. ಹೊರಗಿನವರು ಏನೆನ್ನುತ್ತಾರೆ, ನೂರು ವರ್ಷದಿಂದ ನಮ್ಮನ್ನು ನೋಡಿ ನಗುತ್ತಿರುವವರ ಕೈಗೆ ತಾನಾಗಿ ಕೋಲು ಕೊಟ್ಟ ಹಾಗಲ್ಲವೇ ಎಂದು ಕೇಳಿದ. ಅದು ಅವನ ನಿಜವಾದ ಸಂಕಟ, ಅದನ್ನು ಅಲ್ಲಗಳೆಯಬಾರದು.

"ನಗ್ಲಿ ಬಿಡಣ್ಣ," ಎಂದಳು ಮೆಲ್ಬಾ. "ಮೂವತ್ತು ವರ್ಷ ಕೂತು ನಾನೇ ಎಣಿಸಿದ್ದೀನಿ. ಈ ಕಣಿವೆಯ ನಾಲ್ಕು ಸಾವಿರ ಮದ್ವೆಯಲ್ಲಿ ಇಂಥವು ಮೂವತ್ತೊಂದು. ಅವರು ನಗೋವಷ್ಟು ಇಲ್ಲ, ಆದ್ರೆ ಇಲ್ವೇ ಇಲ್ಲ ಅನ್ನೋ ಹಾಗೂ ಇಲ್ಲ. ನಾವು ಬಚ್ಚಿಟ್ವಿ, ಅದಕ್ಕೇ ಅವರಿಗೆ ಹುಡುಕೋ ಆಸೆ."

ಆಗ ಕೆಂಟ್ ಮುಂದೆ ಬಂದ. ಅವನ ಮುಖ ಬಿಳಿಚಿತ್ತು. ಹಲಗೆಯನ್ನೂ ಅತ್ತೆಯನ್ನೂ ಮತ್ತೆ ಮತ್ತೆ ನೋಡಿದ.

"ಅತ್ತೆ, ಆ ಮಗುವಿನ ಹೆಸರಲ್ಲಿ ದೇವಾಲಯದಲ್ಲಿ ವಿಧಿ ಆಗಿದೆ. ನಾನು ದಾಖಲೆ ನೋಡಿದ್ದೀನಿ. ಸತ್ತ ಮಗು ಅಂತ."

"ಹೌದು. ಮೊಣಕಾಲೂರಿದವಳು ನಾನೇ. ಬದುಕಿ ಬಾಳಿದ ನನ್ನಜ್ಜಿಯನ್ನ ಸತ್ತ ಕೂಸು ಅಂತ ದೇವರ ಎದುರು ನನ್ನ ಬಾಯಲ್ಲೇ ಹೇಳಿಸಿದ್ರು. ನಾನು ಅಳ್ತಿದ್ದೆ ಕಣೋ."

ಕೆಂಟ್ ತಂದೆಯ ಕಡೆ ತಿರುಗಿದ. ಮುನ್ನೂರು ಜನಕ್ಕೂ ಕೇಳಿಸುವಂತೆ, ಗೊತ್ತಿತ್ತಾ ಅಪ್ಪ ಎಂದು ಕೇಳಿದ. ಲಮಾರ್ ಸಹಿಯ ಹಾಳೆಯ ತುದಿಯನ್ನು ಜೇಬಿನೊಳಕ್ಕೆ ಒತ್ತಿದ, ಅದೇ ಉತ್ತರವಾಯಿತು. ಯಾರು ಯಾರನ್ನು ಕಟ್ಟಿಕೊಂಡರು ಎಂಬುದರಲ್ಲಿ ಬಿಷಪ್ ಕಣ್ಣು ಮುಚ್ಚಿಕೊಳ್ಳಬಹುದು. ಪೀಠದ ಎದುರು ಹೇಳಿದ ಸುಳ್ಳಿಗೆ ಕಣ್ಣು ಮುಚ್ಚುವ ಬಿಷಪ್ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

"ಅದನ್ನ ಸರಿ ಮಾಡ್ಲೇಬೇಕು," ಎಂದ ಕೆಂಟ್. "ನಲವತ್ತೆಂಟನೇ ಪುಟ ಅತ್ತೆ ಬರೆದ ಹಾಗೇ ಅಚ್ಚಾಗುತ್ತೆ." ಆಮೇಲೆ ಎಲ್ಡನ್ ಕಡೆ ತಿರುಗಿ, ಲೈಸೆನ್ಸ್ ತಂದಿದ್ದೀರಾ ಎಂದು ಕೇಳಿದ. ಎಲ್ಡನ್ ಏಣಿ ಬಿಡಲಿಲ್ಲ, ಗಲ್ಲದಿಂದ ಜೇಬು ತೋರಿಸಿದ. ಕೆಂಟ್‌ನೇ ಬಂದು ತೆಗೆದುಕೊಂಡ.

ಮದುವೆ ಐದು ನಿಮಿಷದಲ್ಲಿ ಮುಗಿಯಿತು. ಎಲ್ಡನ್ ಪರಲೋಕಕ್ಕೂ ಸೇರಿ ತೀರಿಕೊಂಡ ಹೆಂಡತಿ ನಾರ್ಮಾಳ ಜೊತೆ ಬೆಸೆದುಕೊಂಡವನಾದ್ದರಿಂದ, ಅಲ್ಲಿ ನೀನು ಎರಡನೆಯವಳಾಗುತ್ತೀಯಲ್ಲೇ ಎಂದು ಹಿಂದಿನ ಸಾಲಿನ ಮುದುಕಿಯೊಬ್ಬಳು ಕೆಣಕಿದಳು. ಅಜ್ಜಿಯ ಅಮ್ಮನೂ ಎರಡನೆಯವಳೇ, ಜಗಳವಾಡದೆ ಹೇಗಿರುವುದೆಂದು ಅಲ್ಲಿ ಅವಳನ್ನೇ ಕೇಳಿಕೊಳ್ಳುತ್ತೇನೆ ಎಂದಳು ಮೆಲ್ಬಾ. ಆಗ ಹಜಾರಕ್ಕೆ ಹಜಾರವೇ ನಕ್ಕಿತು, ಮಕ್ಕಳು ಜೆಲ್ಲಿಯ ತಟ್ಟೆಗೆ ಬೆರಳು ಹಾಕಲು ಶುರು ಮಾಡಿದರು.

ದಾರ ಕಟ್ಟುವುದು ಉಳಿದಿತ್ತು. ಮೆಲ್ಬಾಳ ಚೀಟಿ ಅಪ್ಪನ ಕೆಳಗೆ, ಎಲ್ಡನ್‌ನದು ಹುಲ್ಡಾ ಅತ್ತೆಯ ಕೆಳಗೆ. ಮೊದಲಿನಿಂದಲೂ ಪಕ್ಕಪಕ್ಕದಲ್ಲೇ ಇದ್ದವು. ನೊರೀನ್ ಅಭ್ಯಾಸಬಲದಿಂದ ಉಂಡೆಯಿಂದ ಮಾರುದ್ದ ಎಳೆದಳು.

"ಅಷ್ಟು ಬೇಡ ಅತ್ತಿಗೆ. ಗೇಣು ಸಾಕು."

ನೊರೀನ್ ಗೇಣಿಟ್ಟು ಅಳೆದು ಕತ್ತರಿಸಿ ಕೊಟ್ಟಳು. ಆಮೇಲೆ ಇನ್ನೊಂದು ಗೇಣು ಅಳೆದು, ಅದನ್ನೂ ಕತ್ತರಿಸಿ, ತನ್ನ ಬೆರಳಿಗೆ ಸುತ್ತಿಕೊಂಡಳು. ಇದು ಯಾರಿಗೆ ಎಂದು ಮೆಲ್ಬಾ ಕೇಳಿದಳು. ಲಮಾರ್ ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದ, ಆರಿಸುವುದನ್ನು ಮರೆತಿದ್ದ.

"ನಮ್ಮಮ್ಮನ ಅಪ್ಪ ಅಮ್ಮಂಗೆ," ಎಂದಳು ನೊರೀನ್. "ಅವರು ಈ ಹಲಗೆ ಮೇಲಿಲ್ಲ. ಇದ್ದಿದ್ರೆ ಅವರಿಗೂ ಇಷ್ಟೇ ಸಾಕಾಗ್ತಿತ್ತು. ನಿನ್ನ ಲೆಕ್ಕ ತಪ್ಪಿದೆ ಮೆಲ್ಬಾ. ಮೂವತ್ತೆರಡು ಅಂತ ಬರ್ಕೋ."

ಆ ಮಾತು ಹಿಂದಿನ ಕುರ್ಚಿಯವರೆಗೂ ಕೇಳಿಸಿತು. ಲಮಾರ್ ಹೆಂಡತಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಅವಳು ಅವನ ಕೈಯಿಂದ ಮೈಕ್ ತೆಗೆದು ಮೇಜಿನ ಮೇಲಿಟ್ಟು, ಕೋಟಿನ ಜೇಬಿನಿಂದ ಸಹಿಯ ಹಾಳೆಯನ್ನು ಎಳೆದು ಮೆಲ್ಬಾಗೆ ಕೊಟ್ಟಳು.

ಮೆಲ್ಬಾ ಮತ್ತು ಎಲ್ಡನ್ ಸೇರಿ ದಾರ ಕಟ್ಟಿದರು. ಎಲ್ಡನ್ ಗಂಟನ್ನು ಎರಡು ಸಲ ಜಗ್ಗಿ ನೋಡಿದ, ಕುರಿ ಕಟ್ಟಿ ಪಳಗಿದ ಕೈ, ಬಿಚ್ಚುವುದಿಲ್ಲ ಎಂದ. ಮೆಲ್ಬಾ ಹಾಳೆಯನ್ನು ಹಲಗೆಗೆ ಒತ್ತಿ ಹಿಡಿದು, ಈ ಪುಸ್ತಕದಲ್ಲಿರುವುದೆಲ್ಲ ಸತ್ಯ ಎಂಬ ಸಾಲಿನ ಕೆಳಗೆ ಮೆಲ್ಬಾ ಟಾಫ್ಟ್ ಬೆಕ್ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಣ್ಣನ ಕೈಗೆ ಕೊಟ್ಟಳು.

"ತಗೋ ಅಣ್ಣ, ಸಹಿ ಕೇಳಿದ್ಯಲ್ಲ," ಎಂದಳು. "ಇನ್ನು ಊಟಕ್ಕೆ ಪ್ರಾರ್ಥನೆ ಹೇಳು, ಮಕ್ಕಳು ಹಸಿದಿದ್ದಾವೆ."